ಫಲಿತಾಂಶ ಮುಚ್ಚಿಟ್ಟು ಓದಿ

ಪ್ರೀತಿಯ ಓದುಗ ಗೆಳತಿಗೆ,

ಎಂಬಿಎ ತರಗತಿಗಾಗಿ ಒಂದರ ಹಿಂದೊಂದು ಕೇಸ್ ಸ್ಟಡಿ ಓದುತ್ತಿರುವ ನೀವು ಕೇಳಿದ ಪ್ರಶ್ನೆ ಬಹಳ ಮುಖ್ಯವಾದದ್ದು. ಗೆದ್ದ ಕಂಪನಿಯ ಕತೆ ಓದಿದರೆ ಅದು ಮಾಡಿದ್ದೆಲ್ಲ ದೂರದೃಷ್ಟಿಯಂತೆ ಕಾಣುತ್ತದೆ, ಸೋತ ಕಂಪನಿಯದ್ದು ಓದಿದರೆ ಎಲ್ಲವೂ ದುಡುಕಿನಂತೆ ಕಾಣುತ್ತದೆ, ಹಾಗಾದರೆ ನಾವು ಕಲಿಯುವುದಾದರೂ ಏನನ್ನು ಎಂದು ಕೇಳಿದ್ದೀರಿ. ಈ ಅನುಮಾನವನ್ನು ಬಿಟ್ಟುಕೊಡಬೇಡಿ. ಒಳ್ಳೆಯ ಓದು ಶುರುವಾಗುವುದು ಇಲ್ಲಿಂದಲೇ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ 1920ರ ದಶಕದಲ್ಲಿ ಬೇರೂರಿದ, ಕೇಸ್ ಸ್ಟಡಿ ಮೂಲಕ ಕಲಿಯುವ ಈ ಕ್ರಮ, ಅದೇ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಶುರುವಾದ ಅಹಮದಾಬಾದಿನ ಐಐಎಂ ಮೂಲಕ ನಮ್ಮಲ್ಲಿ ನೆಲೆಯಾಯಿತು. ಅದರ ತಿರುಳು ಇಷ್ಟೇ: ತೀರ್ಮಾನ ಕೈಗೊಳ್ಳಬೇಕಾದ ದಿನ, ಆ ಕುರ್ಚಿಯಲ್ಲಿ ಓದುಗ ಕೂರಬೇಕು. ಮುಂದೇನಾಯಿತು ಎಂಬುದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಓದುವ ನಮಗೂ ಗೊತ್ತಿರಬಾರದು. ದೊಡ್ಡ ಕಂಪನಿಗಳ ಕತೆಯನ್ನು ಪತ್ರಿಕೆಗಳಿಂದಲೇ ಬಲ್ಲ ನಾವು ಮಾತ್ರ ಕೊನೆಯ ಪುಟವನ್ನು ಮೊದಲೇ ಓದಿಕೊಂಡು ಕೂರುತ್ತೇವೆ. ನಿಮ್ಮನ್ನು ಕಾಡುತ್ತಿರುವುದು ಅದೇ.

ಇದನ್ನು ಬಿಡಿಸಿ ಹೇಳಲು ಒಂದೇ ಮನೆತನದ ಎರಡು ತೀರ್ಮಾನಗಳನ್ನು ನಿಮ್ಮ ಮುಂದಿಡುತ್ತೇನೆ. 2007ರ ಜನವರಿ 31ರ ನಸುಕಿನಲ್ಲಿ ಟಾಟಾ ಸ್ಟೀಲ್, ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನಲ್ಲಿ ಕಾರ್ಖಾನೆಗಳಿದ್ದ ಕೋರಸ್ ಎಂಬ ಉಕ್ಕಿನ ಕಂಪನಿಯನ್ನು ಹರಾಜಿನಲ್ಲಿ ಗೆದ್ದಿತು. ಬೆಲೆ ಸುಮಾರು 1,200 ಕೋಟಿ ಡಾಲರ್. ಅದಾಗಿ ಒಂದೂಕಾಲು ವರ್ಷದೊಳಗೆ, 2008ರ ಮಾರ್ಚ್‌ನಲ್ಲಿ, ಟಾಟಾ ಮೋಟರ್ಸ್ ಫೋರ್ಡ್ ಕಂಪನಿಯಿಂದ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಬೆಲೆ 230 ಕೋಟಿ ಡಾಲರ್. ಎರಡೂ ರತನ್ ಟಾಟಾ ಅಧ್ಯಕ್ಷರಾಗಿದ್ದ ಕಾಲದವು, ಎರಡಕ್ಕೂ ದೊಡ್ಡ ಸಾಲ ತಂದರು, ಎರಡರ ಬೆನ್ನಿಗೂ 2008ರ ಆರ್ಥಿಕ ಕುಸಿತ ಬಂದೆರಗಿತು. ಇವತ್ತು ಯಾರನ್ನೇ ಕೇಳಿ: ಕೋರಸ್ ತಪ್ಪು, ಜಾಗ್ವಾರ್ ಲ್ಯಾಂಡ್ ರೋವರ್ ಸರಿ ಅನ್ನುತ್ತಾರೆ.

ಇದೇ ಪ್ರಶ್ನೆಯನ್ನು 2009ರ ಬೇಸಿಗೆಯಲ್ಲಿ ಕೇಳಿದ್ದರೆ? ಕೋರಸ್ ಸೇರಿದ ಮೊದಲ ವರ್ಷ, ಅಂದರೆ 2007-08ರಲ್ಲಿ, ಟಾಟಾ ಸ್ಟೀಲ್ ಸಮೂಹದ ನಿವ್ವಳ ಲಾಭ 12,000 ಕೋಟಿ ರೂಪಾಯಿ ದಾಟಿತ್ತು. 2008-09ರಲ್ಲಿ ಅದು ಕುಸಿದರೂ 5,000 ಕೋಟಿಯ ಹತ್ತಿರ ಉಳಿದಿತ್ತು. ಅದೇ ವರ್ಷ ಟಾಟಾ ಮೋಟರ್ಸ್ ಸಮೂಹ ಕಂಡದ್ದು 2,505 ಕೋಟಿ ರೂಪಾಯಿ ನಷ್ಟ. ಆ ದಿನ ಬರೆದ ಕೇಸ್ ಸ್ಟಡಿಯಲ್ಲಿ ಕೋರಸ್ ಧೀರ ಹೆಜ್ಜೆಯಾಗಿಯೂ ಜಾಗ್ವಾರ್ ಮೋಹದ ಖರೀದಿಯಾಗಿಯೂ ಕಾಣುತ್ತಿತ್ತು. ಮರುವರ್ಷವೇ ಟಾಟಾ ಸ್ಟೀಲ್ ಸಮೂಹ ಸುಮಾರು 2,000 ಕೋಟಿ ನಷ್ಟಕ್ಕಿಳಿಯಿತು. ಅತ್ತ ಮುಂದಿನ ಕೆಲವು ವರ್ಷಗಳಲ್ಲಿ ಟಾಟಾ ಮೋಟರ್ಸ್ ಲಾಭದ ಬಹುಪಾಲು ಜಾಗ್ವಾರ್ ಲ್ಯಾಂಡ್ ರೋವರ್‌ನಿಂದಲೇ ಬರತೊಡಗಿತು. ಕತೆ ಅಲ್ಲಿಗೂ ನಿಲ್ಲಲಿಲ್ಲ. ಚೀನಾದಲ್ಲಿ ಮಾರಾಟ ಬಿದ್ದು, ಡೀಸೆಲ್ ಕಾರುಗಳ ಬೇಡಿಕೆ ಕುಗ್ಗಿದಾಗ, 2019ರ ಫೆಬ್ರವರಿಯಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ತನ್ನ ಆಸ್ತಿಯ ಮೌಲ್ಯವನ್ನು 310 ಕೋಟಿ ಪೌಂಡ್‌ನಷ್ಟು ಇಳಿಸಿ ಬರೆಯಿತು. ಆ ತ್ರೈಮಾಸಿಕದಲ್ಲಿ ಟಾಟಾ ಮೋಟರ್ಸ್ ತೋರಿಸಿದ ನಷ್ಟ ಸುಮಾರು 27,000 ಕೋಟಿ ರೂಪಾಯಿ.

ನೋಡಿದಿರಾ, ಕತೆಯನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಗೆದ್ದವರು ಯಾರೆಂಬುದು ಬದಲಾಗುತ್ತದೆ. ಆದ್ದರಿಂದ ತೀರ್ಮಾನವನ್ನು ಫಲದಿಂದ ಅಳೆಯಬೇಡಿ. ಆ ದಿನ ಗೊತ್ತಿದ್ದದ್ದನ್ನು, ಗೊತ್ತುಮಾಡಿಕೊಳ್ಳಬಹುದಾಗಿದ್ದದ್ದನ್ನು ಹರವಿಕೊಂಡು ಅಳೆಯಿರಿ. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಅದನ್ನೇ.

ಬನ್ನಿ, 2006ರ ಅಕ್ಟೋಬರ್‌ನ ಕುರ್ಚಿಯಲ್ಲಿ ಕೂರೋಣ. ಚೀನಾದ ಹಸಿವಿನಿಂದ ಉಕ್ಕಿನ ಬೆಲೆ ಏರುತ್ತಿದೆ. ಆ ವರ್ಷವೇ ಮಿತ್ತಲ್ ಸ್ಟೀಲ್ ಯುರೋಪಿನ ಆರ್ಸೆಲರ್ ಕಂಪನಿಯನ್ನು ನುಂಗಿದೆ. ಸಣ್ಣವರಾಗಿ ಉಳಿದರೆ ನಾಳೆ ನಮ್ಮನ್ನೇ ಯಾರಾದರೂ ಕೊಂಡಾರು ಎಂಬ ಅಳುಕು ಎಲ್ಲ ಉಕ್ಕಿನ ಕಂಪನಿಗಳಲ್ಲೂ ಇದೆ. ಟಾಟಾ ಸ್ಟೀಲ್‌ಗೆ ಸ್ವಂತ ಅದಿರಿನ ಗಣಿಗಳಿವೆ. ಆದರೆ ಜಮ್ಷೆಡ್‌ಪುರದ ಸಾಮರ್ಥ್ಯ ವರ್ಷಕ್ಕೆ ಸುಮಾರು 50 ಲಕ್ಷ ಟನ್. ಕೋರಸ್ ಅದರ ಮೂರೂವರೆ ಪಟ್ಟಿಗಿಂತಲೂ ದೊಡ್ಡದು, ಆದರೆ ಅದಕ್ಕೆ ಸ್ವಂತ ಅದಿರಿಲ್ಲ. ಭಾರತದಲ್ಲಿ ಅಗ್ಗವಾಗಿ ಉಕ್ಕಿನ ದಪ್ಪ ಹಲಗೆಗಳನ್ನು ಎರಕ ಹೊಯ್ದು, ಯುರೋಪಿನಲ್ಲಿ ಅವನ್ನು ನಯಗೊಳಿಸಿ, ಅಲ್ಲಿನ ಕಾರು ಕಂಪನಿಗಳಿಗೆ ಮಾರುವುದು ಯೋಜನೆ. ಕಾಗದದ ಮೇಲೆ ಇದು ಸೊಗಸಾದ ಜೋಡಣೆ. ಇದನ್ನು ದುಡುಕು ಎಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಪ್ರತಿ ಯೋಜನೆಯೊಳಗೂ ಒಂದು ಬಾಯಿಬಿಡದ ನಂಬಿಕೆ ಅಡಗಿರುತ್ತದೆ. ಅದನ್ನು ಹುಡುಕಿ ಹೊರತೆಗೆಯುವುದೇ ಕೇಸ್ ಓದುವವರ ಮೊದಲ ಕೆಲಸ. ಇಲ್ಲಿದ್ದ ನಂಬಿಕೆ, ಭಾರತದಲ್ಲಿ ಹೊಸ ಕಾರ್ಖಾನೆಗಳು ಸಕಾಲಕ್ಕೆ ಮೇಲೇಳುತ್ತವೆ ಎಂಬುದು. ಅವು ಏಳದಿದ್ದರೆ ಕೋರಸ್ ದುಬಾರಿ ಅದಿರು, ದುಬಾರಿ ಕಲ್ಲಿದ್ದಲನ್ನು ಮಾರುಕಟ್ಟೆಯಲ್ಲೇ ಕೊಳ್ಳಬೇಕು. ಈಗ ತಾರೀಖು ಗಮನಿಸಿ. ಒಡಿಶಾದ ಕಳಿಂಗನಗರದಲ್ಲಿ ಟಾಟಾ ಸ್ಟೀಲ್ ಕಾರ್ಖಾನೆಗೆ ಕಾಂಪೌಂಡ್ ಕಟ್ಟುವುದನ್ನು ವಿರೋಧಿಸಿದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ, ಹತ್ತಕ್ಕೂ ಹೆಚ್ಚು ಜನ ಸತ್ತದ್ದು 2006ರ ಜನವರಿ 2ರಂದು. ಕೋರಸ್‌ಗೆ ಮೊದಲ ಬೆಲೆ ಕೂಗುವ ಒಂಬತ್ತು ತಿಂಗಳ ಮೊದಲು! ಭೂಮಿಯ ಪ್ರಶ್ನೆ ಸುಲಭಕ್ಕೆ ಬಗೆಹರಿಯದು ಎಂಬುದು ಆ ಕುರ್ಚಿಯಲ್ಲಿ ಕೂತವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಆ ಕಾರ್ಖಾನೆ ಕೊನೆಗೂ ಶುರುವಾದದ್ದು 2015-16ರಲ್ಲಿ. 2008ರ ಕುಸಿತವನ್ನು ಯಾರೂ ಊಹಿಸಿರಲಿಲ್ಲ ಎಂದು ಆ ತೀರ್ಮಾನವನ್ನು ಸಮರ್ಥಿಸಬಹುದು. ಕಳಿಂಗನಗರದ ಬಗ್ಗೆ ಅದೇ ಮಾತು ಹೇಳಲಾಗದು.

ಇನ್ನು ಬೆಲೆ. ಅಕ್ಟೋಬರ್‌ನಲ್ಲಿ ಟಾಟಾ ಸ್ಟೀಲ್ ಕೂಗಿದ್ದು ಷೇರಿಗೆ 455 ಪೆನ್ಸ್. ಬ್ರೆಜಿಲ್‌ನ ಸಿಎಸ್‌ಎನ್ ಕಂಪನಿ ಪೈಪೋಟಿಗಿಳಿಯಿತು. ಬೆಲೆ ಏರುತ್ತ ಏರುತ್ತ, ಕೊನೆಯ ರಾತ್ರಿಯ ಹರಾಜಿನಲ್ಲಿ 608 ಪೆನ್ಸ್ ತಲುಪಿತು. ಎದುರಾಳಿ ನಿಂತದ್ದು 603ಕ್ಕೆ. ಮೂರೂವರೆ ತಿಂಗಳಲ್ಲಿ ಬೆಲೆ ಮೂರನೇ ಒಂದು ಭಾಗದಷ್ಟು ಹೆಚ್ಚಿತು. ಅಷ್ಟರಲ್ಲಿ ಕೋರಸ್‌ನ ಕುಲುಮೆಗಳೇನೂ ಅಷ್ಟು ಪಾಲು ಉತ್ತಮವಾಗಿರಲಿಲ್ಲ. ಫಲಿತಾಂಶ ಹೊರಬಿದ್ದ ದಿನ ಮುಂಬೈ ಮಾರುಕಟ್ಟೆಯಲ್ಲಿ ಟಾಟಾ ಸ್ಟೀಲ್ ಷೇರು ಶೇಕಡಾ 10ರ ಆಸುಪಾಸು ಬಿತ್ತು. ಯಾವ ಬೆಲೆಗೆ ನಾವು ಎದ್ದು ಹೊರಡುತ್ತೇವೆ ಎಂದು ಹರಾಜಿಗೆ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಪೈಪೋಟಿಯೇ ಬೆಲೆ ನಿರ್ಧರಿಸಿಬಿಡುತ್ತದೆ. ಯಾವ ಖರೀದಿಯ ಕೇಸು ಓದುವಾಗಲೂ ಆ ಹೊರಡುವ ಬೆಲೆಯನ್ನು ನೀವೇ ಲೆಕ್ಕ ಹಾಕಿ ನೋಡಿ.

ಈಗ 2008ರ ಮಾರ್ಚ್‌ಗೆ ಬನ್ನಿ. ಇಲ್ಲಿ ಅವಸರವಿದ್ದದ್ದು ಮಾರುವವರಿಗೆ. ಫೋರ್ಡ್ 1989ರಲ್ಲಿ ಜಾಗ್ವಾರ್‌ಗೆ ಸುಮಾರು 250 ಕೋಟಿ, 2000ದಲ್ಲಿ ಲ್ಯಾಂಡ್ ರೋವರ್‌ಗೆ ಸುಮಾರು 270 ಕೋಟಿ ಡಾಲರ್ ಕೊಟ್ಟಿತ್ತು. ಎರಡನ್ನೂ ಸೇರಿಸಿ ಅರ್ಧಕ್ಕಿಂತ ಕಡಿಮೆಗೆ ಬಿಟ್ಟುಕೊಟ್ಟಿತು. ಮೇಲಾಗಿ ನೌಕರರ ಪಿಂಚಣಿ ನಿಧಿಗೆ ತಾನೇ ಸುಮಾರು 60 ಕೋಟಿ ಡಾಲರ್ ತುಂಬಿತು. ಜಾಗ್ವಾರ್ ವರ್ಷಗಳಿಂದ ನಷ್ಟದಲ್ಲಿತ್ತು, ನಿಜ. ಆದರೆ ಹೊಸ ಎಕ್ಸ್‌ಎಫ್ ಕಾರು ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ಮುಂದೆ 2011ರಲ್ಲಿ ಲ್ಯಾಂಡ್ ರೋವರ್‌ನ ಇವೋಕ್ ಆಗಿ ಬಂದು ಗೆದ್ದ ಕಾರಿನ ಮಾದರಿಯನ್ನು 2008ರ ಜನವರಿಯಲ್ಲೇ ಡೆಟ್ರಾಯ್ಟ್‌ನ ಕಾರು ಮೇಳದಲ್ಲಿ ಪ್ರದರ್ಶಿಸಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಉಕ್ಕಿನ ಬೆಲೆಯನ್ನು ಲೋಕದ ಮಾರುಕಟ್ಟೆ ನಿರ್ಧರಿಸುತ್ತದೆ. ಲ್ಯಾಂಡ್ ರೋವರ್‌ನ ರೇಂಜ್ ರೋವರ್ ಕಾರಿನ ಬೆಲೆಯನ್ನು ಅದನ್ನು ಮಾಡಿದವರು ನಿರ್ಧರಿಸುತ್ತಾರೆ. ಸಾಲ ಹೊತ್ತವರಿಗೆ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ. ಬಡ್ಡಿ ಮಾತ್ರ ವರ್ಷವರ್ಷವೂ ತಪ್ಪದೆ ಬರುತ್ತದಲ್ಲ!

ಇಷ್ಟಾದರೂ ಈ ಜಾಣ ಖರೀದಿಗೆ ತಂದ ಹಣ ಜಾಣ ಹಣವಾಗಿರಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಟಾಟಾ ಮೋಟರ್ಸ್ ಎತ್ತಿದ್ದು 300 ಕೋಟಿ ಡಾಲರ್‌ನ ಬ್ರಿಜ್ ಲೋನ್, ಅಂದರೆ ಬೇರೆ ಹಣ ಒದಗುವವರೆಗಿನ ಅಲ್ಪಾವಧಿ ಸಾಲ. ಅಡಿಕೆ ತೋಟ ಕೊಳ್ಳಲು ಬರುವ ದೀಪಾವಳಿಗೆ ತೀರಿಸುತ್ತೇನೆಂದು ಕೈಗಡ ತಂದ ಹಾಗೆ. ತೋಟ ಫಲ ಕೊಡಲು ವರ್ಷಗಳು ಬೇಕು, ಸಾಲ ಕೊಟ್ಟವನು ಮಾತ್ರ ಹಬ್ಬಕ್ಕೇ ಬಾಗಿಲಿಗೆ ಬರುತ್ತಾನೆ. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಕುಸಿದು ಹಣದ ಮಾರುಕಟ್ಟೆ ಒಣಗಿತು. ಇದ್ದ ಷೇರುದಾರರಿಗೆ ಹೊಸ ಷೇರು ಕೊಳ್ಳುವ ಹಕ್ಕು ನೀಡಿ ಹಣ ಎತ್ತಹೊರಟಾಗ ಜನ ಪೂರ್ತಿ ಕೊಳ್ಳಲಿಲ್ಲ. ಟಾಟಾ ಸಮೂಹವೇ ಹೆಗಲು ಕೊಡಬೇಕಾಯಿತು. ಕಂಪನಿ ಸಾರ್ವಜನಿಕರಿಂದ ಠೇವಣಿಯನ್ನೂ ಸಂಗ್ರಹಿಸಿತು. 2009ರ ಮೇ ಹೊತ್ತಿಗೆ ಉಳಿದ ಸಾಲಕ್ಕೆ ಹೊಸ ಗಡುವು ಸಿಕ್ಕಾಗಲೇ ಅದು ಉಸಿರಾಡಿದ್ದು. ಇತ್ತ ಕೋರಸ್‌ಗಾಗಿ ಎತ್ತಿದ ಸಾಲದ ದೊಡ್ಡ ಭಾಗವನ್ನು ಬ್ರಿಟನ್‌ನ ಅಂಗಸಂಸ್ಥೆಯ ಲೆಕ್ಕದಲ್ಲಿಟ್ಟು, ದೀರ್ಘ ಅವಧಿಯಲ್ಲಿ ಕೋರಸ್ ಗಳಿಕೆಯಿಂದಲೇ ತೀರಿಸುವಂತೆ ಎಚ್ಚರದಿಂದ ಹೆಣೆದಿದ್ದರು. ಏನನ್ನು ಕೊಂಡರು ಎಂಬುದು ಒಂದು ತೀರ್ಮಾನ, ಯಾವ ಹಣದಿಂದ ಕೊಂಡರು ಎಂಬುದು ಇನ್ನೊಂದು. ಒಂದಕ್ಕೆ ಕೊಟ್ಟ ಅಂಕವನ್ನು ಇನ್ನೊಂದಕ್ಕೆ ಹಚ್ಚಬೇಡಿ. ನಿಮ್ಮ ಟಿಪ್ಪಣಿ ಪುಸ್ತಕದ ಪುಟದ ನಡುವೆ ಗೆರೆ ಎಳೆದು ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ.

ಮತ್ತೊಂದು ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಕಂಪನಿ ಕೊಂಡವರು ಅದು ಹಿಂದೆ ಜನರಿಗೆ ಕೊಟ್ಟ ಮಾತುಗಳನ್ನೂ ಕೊಂಡಿರುತ್ತಾರೆ. ಕೋರಸ್ ಜೊತೆಗೆ ಬಂದ ಬ್ರಿಟಿಷ್ ಸ್ಟೀಲ್ ಪಿಂಚಣಿ ಯೋಜನೆಯಲ್ಲಿ ಸುಮಾರು 1,30,000 ಸದಸ್ಯರಿದ್ದರು. ಆ ಹೊಣೆ ದಶಕದುದ್ದಕ್ಕೂ ಕಂಪನಿಯ ಬೆನ್ನ ಮೇಲಿತ್ತು. 2017ರಲ್ಲಿ 55 ಕೋಟಿ ಪೌಂಡ್ ಕೊಟ್ಟು ಅದನ್ನು ಬೇರ್ಪಡಿಸಿದಾಗ, ಅನೇಕ ಹಿರಿಯ ಕಾರ್ಮಿಕರು ತಮಗೆ ಸಿಗಬೇಕಿದ್ದ ಸವಲತ್ತಿಗಿಂತ ಕಡಿಮೆಗೆ ಒಪ್ಪಬೇಕಾಯಿತು. 2024ರ ಸೆಪ್ಟೆಂಬರ್ 30ರಂದು ಕೋರಸ್‌ನಿಂದ ಬಂದಿದ್ದ ವೇಲ್ಸ್‌ನ ಪೋರ್ಟ್ ಟಾಲ್ಬಟ್ ಕಾರ್ಖಾನೆಯಲ್ಲಿ ಕೊನೆಯ ಊದುಕುಲುಮೆ ನಿಂತಿತು. ವಿದ್ಯುತ್ ಕುಲುಮೆಗೆ ಬದಲಾಗುವ ಆ ಯೋಜನೆಯಲ್ಲಿ ಸುಮಾರು 2,800 ಕೆಲಸಗಳು ಹೋಗುತ್ತವೆಂದು ಕಂಪನಿ ಮೊದಲೇ ಹೇಳಿತ್ತು. ಕಳಿಂಗನಗರದಲ್ಲಿ ನೆಲ ಕಳೆದುಕೊಂಡವರಾಗಲಿ, ಪೋರ್ಟ್ ಟಾಲ್ಬಟ್‌ನಲ್ಲಿ ಕೆಲಸ ಕಳೆದುಕೊಂಡವರಾಗಲಿ ಹರಾಜಿನ ರಾತ್ರಿ ಆ ಕೋಣೆಯಲ್ಲಿರಲಿಲ್ಲ. ಲೆಕ್ಕ ತಪ್ಪಿದರೆ ಯಾರು ತೆರಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಕರುಣೆಯ ಮಾತೆಂದು ಪಕ್ಕಕ್ಕಿಡಬೇಡಿ. ಪಿಂಚಣಿ, ಭೂಮಿ, ಕೆಲಸ ಇವೆಲ್ಲ ಕೊನೆಗೆ ನಗದು ಲೆಕ್ಕಕ್ಕೇ ಬಂದು ಸೇರುವ ಸಂಗತಿಗಳು.

ಇನ್ನು ಓದುವ ಕ್ರಮ. ಕೇಸಿನ ಮೊದಲ ಭಾಗ ಮುಗಿದು, ಈಗ ಏನು ಮಾಡಬೇಕು ಎಂಬ ಪ್ರಶ್ನೆ ಎದುರಾದಲ್ಲಿ ಪುಸ್ತಕ ಮುಚ್ಚಿ. ನಿಮ್ಮ ತೀರ್ಮಾನವನ್ನು, ಅದಕ್ಕೆ ಕಾರಣವನ್ನು, ಯಾವ ಸಂಗತಿ ಸುಳ್ಳಾದರೆ ಆ ತೀರ್ಮಾನವೂ ಕೆಡುತ್ತದೆ ಎಂಬುದನ್ನು ಬರೆದಿಡಿ. ಆಮೇಲೆ ಆ ಕಂಪನಿಯ ಆ ವರ್ಷದ ವಾರ್ಷಿಕ ವರದಿ ತೆರೆಯಿರಿ. ಷೇರು ಮಾರುಕಟ್ಟೆಯಲ್ಲಿ ಪಟ್ಟಿಯಾದ ಕಂಪನಿಗಳ ವರದಿಗಳು ಕಾಸಿಲ್ಲದೆ ಸಿಗುತ್ತವೆ. ಅಧ್ಯಕ್ಷರ ಸಂದೇಶವನ್ನು ಕೊನೆಗೆ ಓದಿದರೆ ಸಾಕು. ಮೊದಲು ನಗದು ಹರಿವಿನ ಪಟ್ಟಿ, ಅದಾದ ಮೇಲೆ ಸಾಲಗಳ ಗಡುವು ಹೇಳುವ ಟಿಪ್ಪಣಿ, ಆಮೇಲೆ ಪಿಂಚಣಿ ಮತ್ತು ಮುಂದೆ ತಲೆಮೇಲೆ ಬರಬಹುದಾದ ಹೊಣೆಗಳ ವಿವರ. ಲಾಭ ಎಂಬ ಅಂಕಿಯೊಳಗೆ ಹಲವು ಅಂದಾಜುಗಳು ಸೇರಿರುತ್ತವೆ. ಬಂದ ದುಡ್ಡು, ಹೋದ ದುಡ್ಡು, ತೀರಿಸಬೇಕಾದ ತಾರೀಖುಗಳಲ್ಲಿ ಅಂದಾಜಿಗೆ ಅಷ್ಟು ಜಾಗವಿಲ್ಲ.

ಹೀಗೆ ಓದಿದರೆ ಗೆದ್ದವರ ಮೇಲಿನ ಕುರುಡು ಮೆಚ್ಚುಗೆಯೂ ಸೋತವರ ಮೇಲಿನ ಸಲೀಸು ತಾತ್ಸಾರವೂ ಕರಗುತ್ತವೆ. ನಾಳೆ ನೀವೇ ಒಂದು ಸಹಕಾರಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಮನೆಯ ವ್ಯಾಪಾರದಲ್ಲೋ ತೀರ್ಮಾನ ಮಾಡಬೇಕಾದ ದಿನ ಕೊನೆಯ ಪುಟ ನಿಮ್ಮ ಕೈಯಲ್ಲಿರುವುದಿಲ್ಲ. ಅದಿಲ್ಲದೆಯೇ ಯೋಚಿಸುವ ಅಭ್ಯಾಸ ಈಗಲೇ ಆಗಿರಲಿ.

ಮುಂದಿನ ಪತ್ರದಲ್ಲಿ ನನಗೊಂದು ಉತ್ತರ ಬೇಕು. ಕೋರಸ್ ಹರಾಜಿನಲ್ಲಿ ನೀವು ಟಾಟಾ ಸ್ಟೀಲ್ ಪರವಾಗಿ ಕೂತಿದ್ದರೆ, ಎಷ್ಟು ಪೆನ್ಸ್‌ಗೆ ಎದ್ದು ಬರುತ್ತಿದ್ದಿರಿ? ಅಂಕಿ ಯಾವುದಾದರೂ ಇರಲಿ, ಅದರ ಹಿಂದಿನ ಲೆಕ್ಕವನ್ನೂ ಬರೆದು ಕಳಿಸಿ. ಸಾಲುಸಾಲಾಗಿ ಓದಿ, ನನ್ನ ಲೆಕ್ಕವನ್ನೂ ಅದರ ಪಕ್ಕದಲ್ಲಿಟ್ಟು ಉತ್ತರ ಬರೆಯುತ್ತೇನೆ.

ಪ್ರೀತಿಯಿಂದ,
ನಿಮ್ಮ ಪತ್ರಮಿತ್ರ