ಅಮೆರಿಕದ ಡ್ಯೂಟಿ ಡೈರಿ – 23: ಹಲ್ಲು ಕಟ್ಟೋರ ಪರೀಕ್ಷೆ

ಈ ಸಲ ನರ್ಸಿಂಗ್ ಬಿಟ್ಟು ಬೇರೆ ವಿಷಯ.

ಚಿಕ್ಕಮ್ಮನ ಮಗ ದಾವಣಗೆರೆಯ ಡೆಂಟಲ್ ಲ್ಯಾಬಿನಲ್ಲಿ 6 ವರ್ಷದಿಂದ ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್ ಮಾಡ್ತಾನೆ. "ಸಿಡಿಟಿ ಪರೀಕ್ಷೆ ಪಾಸಾದ್ರೆ ಅಮೆರಿಕ ವೀಸಾ ಗ್ಯಾರಂಟಿ, 3 ಲಕ್ಷ ಕಟ್ಟಿ" ಅಂತ ಒಬ್ಬ ಏಜೆಂಟ್ ಹೇಳಿದ್ದಾನೆ. ಅಡಿಕೆ ತೋಟದ ಮೇಲೆ ಸಾಲ ತೆಗೆಯೋ ಮಾತು ನಡೀತಿದೆ. "ನೀನೂ ಪರೀಕ್ಷೆ ಬರೆದೇ ಅಲ್ವೇನೇ ಹೋಗಿದ್ದು?" ಅಂತ ಚಿಕ್ಕಮ್ಮ ಕೇಳಿದ್ರು. ಇನ್ನೂ ಕೆಲವರಿಗೆ ಇದೇ ಪ್ರಶ್ನೆ ಇರಬಹುದು, ಅದಕ್ಕೆ ಇಲ್ಲೇ ಬರೀತಿದ್ದೀನಿ.

ಸಿಡಿಟಿ ಅಂದ್ರೆ ಸರ್ಟಿಫೈಡ್ ಡೆಂಟಲ್ ಟೆಕ್ನಿಷಿಯನ್. ಪರೀಕ್ಷೆ ನಿಜ, ಬೆಲೆಯೂ ಇದೆ. ಮೂರು ಭಾಗ: ಎಲ್ಲರಿಗೂ ಒಂದೇ ಲಿಖಿತ ಪರೀಕ್ಷೆ, ಆರಿಸಿಕೊಂಡ ವಿಭಾಗದ್ದು ಇನ್ನೊಂದು ಲಿಖಿತ, ಆಮೇಲೆ ಪ್ರಾಕ್ಟಿಕಲ್. ಮೂರನ್ನೂ 4 ವರ್ಷದೊಳಗೆ ಪಾಸ್ ಮಾಡಬೇಕು. ವಿಭಾಗಗಳು ಆರು: ಪೂರ್ತಿ ಸೆಟ್, ಪಾರ್ಷಿಯಲ್ ಸೆಟ್, ಕ್ಯಾಪ್ ಮತ್ತು ಬ್ರಿಡ್ಜ್, ಸೆರಾಮಿಕ್, ಹಲ್ಲು ಸರಿಪಡಿಸೋ ಕ್ಲಿಪ್‌ಗಳ ಕೆಲಸ, ಇಂಪ್ಲಾಂಟ್. ಕಾಲೇಜಿಗೆ ಹೋಗದೆ ಲ್ಯಾಬಿನಲ್ಲೇ ಕಲಿತವರಿಗೂ 5 ವರ್ಷದ ಅನುಭವದ ಮೇಲೆ ಬರೆಯೋ ದಾರಿ ಇದೆ. ಪಾಸಾದ ಮೇಲೂ ಪ್ರತಿ ವರ್ಷ ತರಬೇತಿ ಪಡೆದು ನವೀಕರಿಸಬೇಕು.

ಆದರೆ ನಮ್ಮ ಎನ್‌ಕ್ಲೆಕ್ಸ್ ಥರ ಅಲ್ಲ ಇದು. ಎನ್‌ಕ್ಲೆಕ್ಸ್ ಇಲ್ಲದೆ ನರ್ಸಿಗೆ ಇಲ್ಲಿ ಲೈಸೆನ್ಸ್ ಇಲ್ಲ. ಡೆಂಟಲ್ ಟೆಕ್ನಿಷಿಯನ್‌ಗೆ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸೇ ಬೇಕಿಲ್ಲ. ನಮ್ಮ ಟೆಕ್ಸಾಸ್‌ನಲ್ಲೂ ಲ್ಯಾಬಿಗೆ ಒಬ್ಬ ಸಿಡಿಟಿ ಇದ್ರೆ ಸಾಕು, ಎಲ್ಲರೂ ಆಗಬೇಕಿಲ್ಲ. ಇನ್ನು ಗ್ರೀನ್ ಕಾರ್ಡ್ ವಿಷಯ. ಕೆಲಸಗಾರರ ಕೊರತೆ ಇದೆ ಅಂತ ಸರ್ಕಾರವೇ ಒಪ್ಪಿರೋ 'ಷೆಡ್ಯೂಲ್ ಎ' ಪಟ್ಟಿಯಲ್ಲಿ ನರ್ಸ್ ಇದ್ದಾರೆ, ಫಿಸಿಯೋಥೆರಪಿಸ್ಟ್ ಇದ್ದಾರೆ, ಡೆಂಟಲ್ ಟೆಕ್ನಿಷಿಯನ್ ಇಲ್ಲ. ಪರೀಕ್ಷೆ ನಡೆಸೋ ಬೋರ್ಡ್ ಸರ್ಟಿಫಿಕೇಟ್ ಕೊಡುತ್ತೆ, ವೀಸಾ ಕೊಡಲ್ಲ. ವೀಸಾಕ್ಕೆ ಮೊದಲು ಕೆಲಸ ಕೊಡೋ ಮಾಲೀಕ ಬೇಕು. ಗ್ಯಾರಂಟಿ ಅಂದವನ ಕೈಗೆ ತೋಟದ ದುಡ್ಡು ಕೊಡಬೇಡಿ.

ತಮ್ಮಾ, ನಿನ್ನ ಉತ್ಸಾಹ ಕುಗ್ಗಿಸೋಕೆ ಹೇಳ್ತಿಲ್ಲ. ಅನುಭವದ ಪತ್ರವನ್ನ ಲೆಟರ್‌ಹೆಡ್‌ನಲ್ಲಿ ಬರೆಸಿಟ್ಟುಕೋ, ಮಾಡಿದ ಕೆಲಸದ ಫೋಟೋ ಇಟ್ಟುಕೋ, ಕಂಪ್ಯೂಟರ್ ಡಿಸೈನ್ ಕಲಿ. ನಿನ್ನ ಅನುಭವ ಲೆಕ್ಕಕ್ಕೆ ಬರುತ್ತಾ ಅಂತ ನೇರವಾಗಿ ಬೋರ್ಡಿಗೇ ಮೇಲ್ ಮಾಡಿ ಕೇಳು.

ನನ್ನ ವಾರ್ಡಿನ ಅಜ್ಜ-ಅಜ್ಜಿಯರ ಹಲ್ಲಿನ ಸೆಟ್ ರಾತ್ರಿ ಹೆಸರು ಬರೆದ ಡಬ್ಬಿಯಲ್ಲಿಡ್ತೀವಿ. ಬೆಳಿಗ್ಗೆ ಅದು ಸರಿಯಾಗಿ ಕೂತ್ರೇನೇ ಅವರಿಗೆ ತಿಂಡಿ, ಮಾತು, ನಗು. ಅಂಥ ಕೆಲಸ ಕಲಿತ ಕೈಗೆ ಏಜೆಂಟನ ಹಂಗು ಯಾಕೆ?