ಅಪ್ಪನ ಯೆಜ್ಡಿಗೆ ನಾನು ಮಾಡಿದ ಬ್ರಾಕೆಟ್



ಈ ತಿಂಗಳ ಗೋಡೆಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಕನ್ನಡ ಮೇಷ್ಟ್ರು ಹೇಳಿದಾಗ ನನಗೆ ದಿಗಿಲಾಯಿತು. ಜಾತ್ರೆ, ಮಳೆಗಾಲ, ನನ್ನ ಅಜ್ಜಿ ಇವೆಲ್ಲಾ ಬೇರೆಯವರು ಬರೆದು ಮುಗಿಸಿದ್ದಾರೆ. ಕವನ ನನಗೆ ಬರುವುದಿಲ್ಲ. ಹಾಗಂತ ಹೇಳಿದ್ದಕ್ಕೆ, “ನಿನ್ನ ಕೈಯಾರೆ ಏನಾದ್ರೂ ಮಾಡಿದ್ರೆ ಅದನ್ನೇ ಬರಿ” ಅಂದರು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಹಳೇ ಯೆಜ್ಡಿ ಇದೆ. ಅದರ ಸದ್ದು ನೀವೆಲ್ಲಾ ಕೇಳಿದ್ದೀರಿ, ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಶಾಲೆ ಮುಂದೆಯೇ ಹೋಗುತ್ತದೆ. ಒಂದೇ ಸಿಲಿಂಡರು, 250 ಸಿ.ಸಿ., ಆದರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಲಿವರು. ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ ಅದು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಗಾಡಿಗಳು, 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪ ಕೊಂಡಾಗಲೇ ನಮ್ಮದು ಮೂರನೇ ಕೈ. ಅಷ್ಟರಲ್ಲಿ ಅದರ ಸ್ವಂತ ಮೀಟರು ಎಲ್ಲೋ ಹೋಗಿತ್ತು. ಯಾರೋ ಬೇರೆ ಗಾಡಿಯ ದುಂಡು ಮೀಟರು ತಂದು, ಕಟ್ಟಡದವರು ಕಂಬಿ ಕಟ್ಟುವ ತಂತಿಯಲ್ಲಿ ಹ್ಯಾಂಡಲಿಗೆ ಬಿಗಿದಿದ್ದರು. ಅಪ್ಪನೂ ಹಾಗೇ ಓಡಿಸಿಕೊಂಡಿದ್ದರು. ಮುಳ್ಳು ಸರಿಯಾಗೇ ತೋರಿಸುತ್ತಿತ್ತಲ್ಲ.

ಕಳೆದ ವರ್ಷ ಆಷಾಢದಲ್ಲಿ ಅಪ್ಪ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ರಾಮನಗರ ಮಾರ್ಕೆಟ್ಟಿಗೆ ಹೊರಟರು. ಕೆರೆ ಏರಿ ತಿರುವಿನಲ್ಲಿ ಆ ತಂತಿ ಕಳಚಿ, ಮೀಟರು ಹ್ಯಾಂಡಲಿಗೂ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿತು. ಹ್ಯಾಂಡಲ್ ಅರ್ಧ ತಿರುಗಿ ನಿಂತುಬಿಟ್ಟಿತು. ನಿಧಾನಕ್ಕೇ ಹೋಗುತ್ತಿದ್ದರು, ಆದರೂ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ಚೀಲ ಅಡಿಯಲ್ಲಿ ಸಿಕ್ಕಿ ಗೂಡು ಅಪ್ಪಚ್ಚಿಯಾಯಿತು. ಒಳಗಿನ ಹುಳ ಒಡೆದರೆ ಚೆನ್ನಾಗಿರುವ ಗೂಡಿಗೂ ಕರೆ ಹತ್ತುತ್ತದೆ, ರೇಷ್ಮೆ ಮನೆಯವರಿಗೆಲ್ಲಾ ಇದು ಗೊತ್ತು. ಆ ಬೆಳೆ ಹೋಯಿತು.

ಈಗ ನಾನು ಯಾರಿಗೂ ಹೇಳದೇ ಇದ್ದದ್ದನ್ನು ಬರೆಯಬೇಕು. ನನಗೆ ಗಾಡಿ ಓಡಿಸುವ ವಯಸ್ಸಾಗಿಲ್ಲ, ಒರೆಸುವುದು ಮಾತ್ರ ನನ್ನ ಕೆಲಸ. ಬೀಳುವ ಹಿಂದಿನ ಸಾಯಂಕಾಲ ಒರೆಸುವಾಗ ತಂತಿಯ ಒಂದು ಎಳೆ ಕಿತ್ತುಹೋಗಿದ್ದನ್ನು ನೋಡಿದ್ದೆ. ಹೊರಗೆ ಹುಡುಗರು ವಾಲಿಬಾಲ್ ಆಡಲು ಕರೆಯುತ್ತಿದ್ದರು. ಕೈಯಲ್ಲೇ ಎರಡು ಸುತ್ತು ತಿರುಚಿ ಓಡಿಹೋದೆ. ಅಪ್ಪನಿಗೆ ಹೇಳಲಿಲ್ಲ.

ಅಪ್ಪನ ಕೈಗೆ ಹಿಟ್ಟಿನ ಪಟ್ಟು ಹಾಕಿದ್ದಷ್ಟೂ ದಿನ ನನಗೆ ಊಟ ಸೇರುತ್ತಿರಲಿಲ್ಲ. “ಪರೀಕ್ಷೆ ಭಯ ಕಣ್ರೀ ಇವನಿಗೆ” ಅಂತ ಅವ್ವ ಎಲ್ಲರಿಗೂ ಹೇಳುತ್ತಿದ್ದಳು.

ದಸರಾ ರಜೆಯಲ್ಲಿ ಒಂದು ಬ್ರಾಕೆಟ್ ಮಾಡೇ ಮಾಡುತ್ತೇನೆ ಅಂತ ನಿಶ್ಚಯಿಸಿದೆ. ಅಂಗಡಿಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಮೀಟರು ಒಂದು ಗಾಡಿಯದು, ಹ್ಯಾಂಡಲು ಇನ್ನೊಂದರದು. ವೆಲ್ಡಿಂಗ್ ಅಂಗಡಿ ಅಣ್ಣ, “ಮೊದಲು ರಟ್ಟಿನಲ್ಲಿ ಮಾಡ್ಕೊಂಡು ಬಾರ್ಲಾ, ತಗಡು ಹಾಳ್ಮಾಡಕ್ಕೆ ನಿಮ್ಮಪ್ಪ ಏನು ಸಾವ್ಕಾರ್ನಾ?” ಅಂದರು. ಮನೆಯಲ್ಲಿದ್ದ ಲಗ್ನಪತ್ರಿಕೆಗಳ ಗಟ್ಟಿ ರಟ್ಟೆಲ್ಲಾ ಖಾಲಿಯಾಯಿತು. (ಅಕ್ಕನ ಗೆಳತಿಯ ಮದುವೆ ತಾರೀಖೂ ಅದರಲ್ಲೇ ಹೋಯಿತು, ಬೈಸಿಕೊಂಡೆ.)

ಹ್ಯಾಂಡಲನ್ನು ಹಿಡಿದಿರುವ ಎರಡು ಬೋಲ್ಟಿಗೇ ಬ್ರಾಕೆಟ್ ಕೂರಬೇಕು. ಅವುಗಳ ನಡುವಿನ ಅಂತರ ಸ್ಕೇಲಿನಲ್ಲಿ ಅಳೆದರೆ ಒಂದೊಂದು ಸಲ ಒಂದೊಂದು ಬರುತ್ತಿತ್ತು. ಆಗ ಆ ಅಣ್ಣ ಒಂದು ಉಪಾಯ ಹೇಳಿಕೊಟ್ಟರು. ಬೋಲ್ಟಿನ ತಲೆಗಳಿಗೆ ಸ್ವಲ್ಪ ಗ್ರೀಸು ಸವರಿ, ಮೇಲೆ ಕಾಗದ ಇಟ್ಟು ಒತ್ತಬೇಕು. ಎರಡು ಗುರುತು ಸರಿಯಾಗಿ ಮೂಡುತ್ತವೆ, ಅವುಗಳ ಮಧ್ಯಬಿಂದು ಹುಡುಕಿದರೆ ಮುಗಿಯಿತು. ಆಮೇಲೆ ಅಪ್ಪನನ್ನು ಗಾಡಿ ಮೇಲೆ ಕೂರಿಸಿ, ಮೀಟರನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ಹೋದೆ. “ಹಾಂ, ಈಗ ಕಾಣ್ತದೆ” ಅಂದ ಕಡೆ ಕೋನಮಾಪಕ ಇಟ್ಟೆ. 35 ಡಿಗ್ರಿ ಬಂತು. ರಟ್ಟು ಕೂರಿಸಿಕೊಂಡೇ ಹ್ಯಾಂಡಲನ್ನು ಎರಡೂ ಕಡೆ ಕೊನೆತನಕ ಹತ್ತಾರು ಸಲ ತಿರುಗಿಸಿದೆ. ಟ್ಯಾಂಕಿಗೆ ತಾಗಬಾರದು, ಕೇಬಲ್ ಎಳೆಯಬಾರದು, ಮುರುಟಬಾರದು. ಎಲ್ಲಕ್ಕಿಂತ ಹೆಚ್ಚು ಹೊತ್ತು ಇದನ್ನೇ ನೋಡಿದ್ದು. ಯಾಕೆ ಅಂತ ನಿಮಗೆ ಗೊತ್ತಲ್ಲ.

ಕೇಬಲ್ ಯಾಕೆ ಮುರುಟಬಾರದು ಅಂದರೆ ಅದರೊಳಗೆ ಒಂದು ತಂತಿ ತಿರುಗುತ್ತಾ ಇರುತ್ತದೆ. ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದಕ್ಕೆ ಹಲಗೆ ಮೇಲೆ ಚಿತ್ರ ಬರೆದು ತೋರಿಸಿದರು. ಆ ತಂತಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಪಕ್ಕದಲ್ಲಿ ಅಲ್ಯುಮಿನಿಯಂ ಬಟ್ಟಲು ಇರುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದರೂ ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ವಿದ್ಯುತ್ ಸುಳಿ ಹುಟ್ಟಿ ಅದೂ ತಿರುಗಲು ನೋಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಮುಳ್ಳು ಮುಂದಕ್ಕೆ. 1902ರಲ್ಲಿ ಜರ್ಮನಿಯ ಒಟ್ಟೋ ಷುಲ್ಟ್ಸೆ ಎನ್ನುವವರು ಇದಕ್ಕೆ ಪೇಟೆಂಟ್ ಪಡೆದರಂತೆ. ಮುಳ್ಳು ತೋರಿಸಲು ಬ್ಯಾಟರಿಯೇ ಬೇಡ!

ಗುಜರಿಯಲ್ಲಿ 2 ಮಿ.ಮೀ. ದಪ್ಪದ ಅಲ್ಯುಮಿನಿಯಂ ತಗಡು ಸಿಕ್ಕಿತು. ಹಗುರ, ತುಕ್ಕು ಹಿಡಿಯುವುದಿಲ್ಲ ಅಂತ ಅದನ್ನೇ ತಂದೆ. ಮೀಟರಿನ ದೇಹ 80 ಮಿ.ಮೀ. ವ್ಯಾಸ. ಸುತ್ತ ತೆಳ್ಳನೆ ರಬ್ಬರು ಬರಬೇಕಾದ್ದರಿಂದ 82ರ ತೂತು ಬೇಕು. ಅಷ್ಟು ದೊಡ್ಡ ಬಿಟ್ಟು ಎಲ್ಲಿಂದ ತರೋದು? ಸಣ್ಣ ತೂತುಗಳನ್ನೇ ಸಾಲಾಗಿ ಸುತ್ತ ಕೊರೆಯಬೇಕು. ಕೈವಾರದಿಂದ 41 ಮಿ.ಮೀ. ತ್ರಿಜ್ಯದ ವೃತ್ತ, ಅದರೊಳಗೆ 38ರದ್ದು ಇನ್ನೊಂದು. ಒಳಗಿನ ವೃತ್ತದ ಪರಿಧಿ 2 × 3.14 × 38, ಅಂದರೆ ಸುಮಾರು 239 ಮಿ.ಮೀ. 6 ಮಿ.ಮೀ.ಗೆ ಒಂದರಂತೆ 40 ತೂತು. ಪೈ ಯಾವ ಕೆಲಸಕ್ಕೆ ಬರುತ್ತೆ ಅಂತ ಒಂಬತ್ತನೇ ಕ್ಲಾಸಿನಲ್ಲಿ ಕೇಳಿ ನಾನು ಬೆಂಚಿನ ಮೇಲೆ ನಿಂತಿದ್ದು ಗಣಿತದ ಮೇಡಂಗೆ ನೆನಪಿರಬಹುದು. ಪ್ರತಿ ಚುಕ್ಕೆಗೂ ಸೆಂಟರ್ ಪಂಚ್ ಹೊಡೆದು, 5 ಮಿ.ಮೀ. ಬಿಟ್ಟಿನಲ್ಲಿ ಕೊರೆದು, ನಡುವಿನದ್ದನ್ನು ಉಳಿಯಲ್ಲಿ ಕಡಿದು, ಮಿಕ್ಕಿದ್ದನ್ನು ಅರದಲ್ಲಿ ಉಜ್ಜಿದೆ. ಎರಡು ದಿನ ಹಿಡಿಯಿತು. ಮಡಚುವುದನ್ನು ಮಾತ್ರ ಆತುರದಲ್ಲಿ ಮಾಡಿದೆ. ಬೈಸಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಬಡಿದೆ. ಗೆರೆ ತಪ್ಪಿತು ಅಂತ ನೆಟ್ಟಗೆ ಮಾಡಿ, ಅದೇ ಜಾಗದಲ್ಲಿ ಮತ್ತೆ ಬಡಿದೆ. ಗಾಡಿಗೆ ಕೂರಿಸಿದ ಮೇಲೆ ನೋಡಬೇಕಿತ್ತು, ಪಳಪಳ ಹೊಳೆಯುತ್ತಿತ್ತು. ಅಪ್ಪ ಮೂರು ಸಲ ಮುಟ್ಟಿ ನೋಡಿದರು.

ಅವತ್ತಿನಿಂದ ಪ್ರತಿ ಭಾನುವಾರ ಬೋಲ್ಟು ಮುಟ್ಟಿ ನೋಡುವುದು ಅಭ್ಯಾಸವಾಯಿತು. ಮೂರನೇ ಭಾನುವಾರ ಮಡಿಕೆಯ ಮೂಲೆಯಲ್ಲಿ ಒಂದು ಕೂದಲು ಅಂಟಿದ ಹಾಗೆ ಕಂಡಿತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಉಗುರು ಆಡಿಸಿದರೆ ತಡೆಯಿತು. ಬಿರುಕು!

ಮಾರನೇ ದಿನ ಅಪ್ಪ ಗೂಡು ತೆಗೆದುಕೊಂಡು ಹೋಗುವುದಿತ್ತು. ನಾನು ಮಾಡಿದ್ದೇ ಬಿರುಕು ಬಿಟ್ಟಿದೆ ಅಂತ ಹೇಳಲು ನಾಚಿಕೆ. ಹತ್ತು ನಿಮಿಷ ಗಾಡಿ ಹತ್ತಿರವೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ, ಬಿರುಕಿನ ವಿಷಯ ಹೇಳಿದೆ. ಬಾಯಿ ತೆರೆದ ಮೇಲೆ ತಡೆಯಲಾಗದೆ, ಆಷಾಢದ ತಂತಿಯ ವಿಷಯವನ್ನೂ ಹೇಳಿಬಿಟ್ಟೆ. ಅಳು ಬಂತು.

ಅಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಎಳೆ ಕಿತ್ತೋಗಿದ್ದು ನಾನೂ ಬೆಳಗ್ಗೇನೇ ನೋಡಿದ್ದೆ ಕಣ್ಲಾ. ಮಾರ್ಕೆಟ್ಟಿಂದ ಬಂದು ಕಟ್ಟಿದ್ರಾಯ್ತು ಅಂತ ಹೊಂಟೆ” ಅಂದರು. ಅವ್ವ ಒಲೆ ಮುಂದಿನಿಂದಲೇ ನಮ್ಮಿಬ್ಬರಿಗೂ ಸೇರಿಸಿ ಚೆನ್ನಾಗಿ ಬೈದಳು. ಮಾರನೇ ದಿನ ಗೂಡು ಆಟೋದಲ್ಲಿ ಹೋಯಿತು.

ಎರಡನೆಯದನ್ನು 3 ಮಿ.ಮೀ. ಕಬ್ಬಿಣದ ತಗಡಿನಲ್ಲಿ ಮಾಡಿದೆ. ಒಂದೇ ಕಡೆ ತಂತಿ ಹಿಂದೆಮುಂದೆ ಬಗ್ಗಿಸಿದರೆ ಹೇಗೆ ಮುರಿಯುತ್ತದೋ ಹಾಗೇ, ಇಂಜಿನ್ನಿನ ಅದುರು ಮಡಿಕೆಯನ್ನು ದಿನವಿಡೀ ಅಲ್ಲಾಡಿಸುತ್ತಿರುತ್ತದೆ. ಮಡಿಕೆ ಚೂಪಾಗಿದ್ದರೆ ಎಲ್ಲಾ ಏಟು ಒಂದೇ ಗೆರೆಗೆ. ಅದಕ್ಕೇ ಈ ಸಲ 10 ಮಿ.ಮೀ. ಸರಳಿನ ಮೇಲೆ ಇಟ್ಟು ದುಂಡಗೆ ಬಗ್ಗಿಸಿದೆವು, ಒಂದೇ ಸಲಕ್ಕೆ. ಎರಡೂ ಪಕ್ಕಕ್ಕೆ ಮುಕ್ಕೋನದ ಚೂರು ಇಟ್ಟು ವೆಲ್ಡ್ ಮಾಡಿಕೊಟ್ಟರು. ತೂತುಗಳ ಅಂಚನ್ನೆಲ್ಲಾ ನುಣ್ಣಗೆ ಉಜ್ಜಿದೆ, ಒರಟು ಅಂಚಿನಿಂದಲೇ ಬಿರುಕು ಶುರುವಾಗುತ್ತದಂತೆ. ಲಾರಿ ಟ್ಯೂಬು ಕತ್ತರಿಸಿ ರಬ್ಬರು, ನಟ್ಟಿನಡಿಗೆ ಸ್ಪ್ರಿಂಗ್ ವಾಷರು, ಮೇಲೆ ಕಪ್ಪು ಬಣ್ಣ. ಮೊದಲಿನದಕ್ಕಿಂತ ಭಾರ, ಹೊಳಪೂ ಇಲ್ಲ. ದೀಪಾವಳಿ ಹಿಂದಿನ ರಾತ್ರಿ ಕೂರಿಸಿದೆವು. ಅಪ್ಪ ಬ್ಯಾಟರಿ ಬಿಟ್ಟುಕೊಂಡು ನಿಂತಿದ್ದರು. ಅವರ ಎಡಗೈ ಈಗಲೂ ಪೂರ್ತಿ ತಿರುಗುವುದಿಲ್ಲ, ಅದಕ್ಕೇ ಸ್ಪ್ಯಾನರು ನನ್ನ ಕೈಗೆ ಕೊಟ್ಟಿದ್ದರು.

ಈಗಲೂ ಭಾನುವಾರ ಗಾಡಿ ಒರೆಸುವಾಗ ಉಗುರು ಆಡಿಸಿ ನೋಡುತ್ತೇನೆ. ಒಂದೊಂದು ಸಲ ನಾನು ಹೋಗುವಷ್ಟರಲ್ಲಿ ಅಪ್ಪನೇ ನೋಡುತ್ತಾ ನಿಂತಿರುತ್ತಾರೆ. ಲಗ್ನಪತ್ರಿಕೆಯ ರಟ್ಟಿನ ಅಚ್ಚು ನನ್ನ ಹತ್ತಿರವೇ ಇದೆ, ಯಾರಿಗಾದರೂ ಬೇಕಿದ್ದರೆ ಬಿಡುವಿನ ವೇಳೆಯಲ್ಲಿ ಕೇಳಿ. ಅದೇ ಅಳತೆ ನಿಮ್ಮ ಗಾಡಿಗೆ ಆಗುವುದಿಲ್ಲ, ಗ್ರೀಸು ಸವರಿ ನೀವೇ ಗುರುತು ತೆಗೆದುಕೊಳ್ಳಬೇಕು.

— 10ನೇ ತರಗತಿ ವಿದ್ಯಾರ್ಥಿ