ಬಾಳೆಯ ಸರದಿ

ಚನ್ನಗಿರಿ ಸೀಮೆಯಲ್ಲಿ ಗಂಡಿನ ಮನೆ ನೋಡಲು ಬಂದವರು ಮೊದಲು ತೋಟ ಎಷ್ಟು ಎಕರೆ ಅಂತ ಕೇಳುತ್ತಾರೆ, ಆಮೇಲೆ ಹುಡುಗ ಎಲ್ಲಿ ಅನ್ನುತ್ತಾರೆ. ತೋಟ ಅಂದರೆ ಅಡಿಕೆ. ಅದರ ಸಾಲಿನ ನಡುವೆ ನಿಂತ ಬಾಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಡಿಕೆ ಎಳೆಯ ಸಸಿಯಾಗಿದ್ದಾಗ ಬಿಸಿಲು ತಾಗದಂತೆ ನೆರಳು ಹಿಡಿದದ್ದು ಬಾಳೆ. ಅಡಿಕೆ ಹೊಂಬಾಳೆ ಬಿಡುವ ತನಕ ಗೊನೆ ಮಾರಿಸಿ ಮನೆಯ ಖರ್ಚು ತೂಗಿಸಿದ್ದೂ ಬಾಳೆಯೇ. ಅಣ್ಣನ ಮಕ್ಕಳನ್ನೆಲ್ಲ ಸಾಕಿ ಬೆಳೆಸಿ, ಕೊನೆಗೆ ಹಿಂದಿನ ಕೋಣೆ ಸೇರಿದ ಸೋದರತ್ತೆಯ ಸ್ಥಾನ ಅದರದು.

2024ರ ಬೇಸಿಗೆಯಲ್ಲಿ ಈ ಸ್ಥಾನಮಾನ ಚೆನ್ನಾಗಿ ಗೊತ್ತಾಯಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. 186 ಅಡಿಯ ಭದ್ರಾ ಜಲಾಶಯ ತುಂಬಿರಲಿಲ್ಲ. ಕಾಲುವೆಗೆ ನೀರು ಸರದಿಯ ಮೇಲೆ. ದೊಡ್ಡಪ್ಪ ಪೇಪರಿನಲ್ಲಿ ರಾಶಿಭವಿಷ್ಯ ಬಿಟ್ಟು ಡ್ಯಾಂ ಮಟ್ಟ ಓದತೊಡಗಿದ. ಬೋರು ಗಾಳಿ ಉಗುಳಿದ ಮೇಲೆ ಟ್ಯಾಂಕರ್ ಬಂತು. ರಾತ್ರಿ ಟಾರ್ಚ್ ಹಿಡಿದು ಅಡಿಕೆಯ ಬುಡಬುಡಕ್ಕೂ ನೀರು ಬಿಡುತ್ತಿದ್ದವನನ್ನು, "ಬಾಳೆಗೆ?" ಎಂದು ಕೇಳಿದೆ. ನಾನು ಮದುವೆಮನೆಯಲ್ಲಿ ಸಾಲದ ಮಾತು ಎತ್ತಿದವನೋ ಎಂಬಂತೆ ನೋಡಿದ.

"ಅದುಕ್ಯಾಕೋ ದುಡ್ಡು ಕೊಟ್ಟ ನೀರು? ಬರೋದಾದ್ರೆ ತಾನೇ ಬರ್ತೈತೆ."

ಏಪ್ರಿಲ್ ಬಿಸಿಲು ಅದಕ್ಕೆ ಹೊನ್ನಾಳಿ ಹೊಡ್ತವನ್ನೇ ಕೊಟ್ಟಿತು. ಎಲೆ ಸುಟ್ಟು ಸೀಳಾಯಿತು, ದಿಂಡು ನಡು ಮುರಿದು ಬಿತ್ತು. ದೊಡ್ಡಪ್ಪನ ಮಾತಿನಲ್ಲಿ ಶಾಸ್ತ್ರವೂ ಇತ್ತು ಅನ್ನಿ. ನಾವು ಬಾಳೆಯ ಕಾಂಡ ಅಂದುಕೊಂಡಿರುವುದು ಒಂದರ ಮೇಲೊಂದು ಸುತ್ತಿಕೊಂಡ ಎಲೆಪಟ್ಟೆ ಮಾತ್ರ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಗೆಡ್ಡೆ ಗಟ್ಟಿಯಿದ್ದರೆ ಮೇಲಿನದು ಹೋದರೂ ಬಾಳೆ ಹೋದ ಹಾಗಲ್ಲ. ದೊಡ್ಡಪ್ಪ ಕುಡುಗೋಲಿನಿಂದ ಬುಡ ಕೊಯ್ದು ನೋಡುತ್ತಿದ್ದ: ಒಳಗೆ ಬಿಳಿ ಇದ್ದರೆ ಬಿಡುವುದು, ಕೊಳೆತು ಕಂದಾಗಿದ್ದರೆ ಕೀಳುವುದು.

ಹೂಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗ ಈ ವಿಷಯದಲ್ಲಿ ತಜ್ಞನಾಗಿಬಿಟ್ಟಿದ್ದ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ಅವನ ಹಿತ್ತಲ ಬಾಳೆ ರಾತ್ರೋರಾತ್ರಿ ಕಪ್ಪಾಗಿ ಮಡಚಿಕೊಂಡಿತ್ತಂತೆ. ಬಿಸಿಲು ಬಲಿತ ಮೇಲೆ ಬುಡದಿಂದ ಮತ್ತೆ ಎದ್ದಿತ್ತಂತೆ. "ಮಾವ, ಸುಳಿ ಬಂತಾ?" ಎಂದು ಅಲ್ಲಿಂದ ಫೋನು. ಅಲ್ಲಿ ಚಳಿಗಾಲಕ್ಕೆ ಮೊದಲೇ ಬಾಳೆಗೆ ಕಂಬಳಿ ಸುತ್ತುತ್ತಾರೆ ಎಂದೂ ಹೇಳಿದ. ದೊಡ್ಡಪ್ಪ ಕೇಳಿಸಿಕೊಂಡು, "ಇಲ್ಲಿ ಬಿಸಿಲಿಗೆ ಏನು ಸುತ್ತಾನ ಕೇಳು" ಅಂದ. ನಮ್ಮ ಪುಷ್ಯಮಾಸದ ಚಳಿ ಬಾಳೆಯನ್ನು ಕೊಲ್ಲುವಷ್ಟು ಜೋರಿಲ್ಲ. ಸುಮಾರು 16 ಡಿಗ್ರಿಗಿಂತ ಕೆಳಗಿಳಿದರೆ ಹೊಸ ಎಲೆ ಬಿಡಲು ಸೋಮಾರಿತನ ಮಾಡುತ್ತದೆ, ಕೆಲವೊಮ್ಮೆ ಗೊನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟೆ.

ಬಾಳೆ ಇಲ್ಲ ಅಂತ ಊರಿಗೆಲ್ಲ ಅರಿವಾದದ್ದು ಲಗ್ನದ ದಿನಗಳಲ್ಲಿ. ನ್ಯಾಮತಿಯ ಒಂದು ಮದುವೆಯಲ್ಲಿ ಬಾಳೆ ಎಲೆಯ ಚಿತ್ರವಿದ್ದ ಹಸಿರು ಕಾಗದ ಹಾಸಿದರು. ನಡುದಿಂಡನ್ನೂ ಬಲು ಚೆಂದ ಬರೆದಿದ್ದರು. ಸಾರು ಬಿದ್ದದ್ದೇ ಅದು ನೆನೆದು, ಅನ್ನ ಕಲೆಸುವವರ ಕೈಗೆ ಎಲೆಯೂ ಬಂತು. ಪಂಕ್ತಿಯಲ್ಲಿ ಎಲ್ಲರಿಗಿಂತ ಜೋರಾಗಿ ಬೈದವನು ದೊಡ್ಡಪ್ಪ. "ಬಾಳೆ ಎಲೆ ಇಲ್ಲದ್ದು ಒಂದು ಊಟಾನಾ?" ಮರುದಿನದಿಂದ ಬೆಳಿಗ್ಗೆ ಎದ್ದು, ಅಡಿಕೆ ನೋಡುವ ನೆಪದಲ್ಲಿ ಬಾಳೆಯ ಬುಡಗಳ ನಡುವೆ ಓಡಾಡತೊಡಗಿದ. ನೀರನ್ನಂತೂ ಹಾಕಲಿಲ್ಲ.

ಅದೇ ಸಮಯಕ್ಕೆ ಜಗಳೂರಿನ ಬೀಗರು ಬಂದರು. ಅವರ ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತುವ 57 ಕೆರೆಗಳ ಯೋಜನೆ ನಂಬಿ, ಮೆಕ್ಕೆಜೋಳದ ಹೊಲದಲ್ಲಿ ಅಡಿಕೆ ಇಡುವ ಉಮೇದು ಅವರಿಗೆ. ಸಸಿಗೆ ನೆರಳು ಬೇಕಲ್ಲ, ಬಾಳೆ ಕಂದು ಕೇಳಿದರು. ನಮ್ಮ ತೋಟದ ಗತಿ ನೋಡಿ, "ಒಂದು ವರ್ಷ ಮಳೆ ಹೋಗಿದ್ದಕ್ಕೆ ಇಷ್ಟು ಗೋಳಾ ಬೀಗ್ರೇ? ನಮ್ಮ ರಂಗಯ್ಯನದುರ್ಗದ ಕಾಡಿನ ಕೊಂಡುಕುರಿಗಳು ನಿಮ್ಮನ್ನ ನೋಡಿದ್ರೆ ನಗ್ತಾವೆ" ಅಂದು, ಬರಿ ಚೀಲ ಮಡಚಿಕೊಂಡು ಹೋದರು.

ಮುಂಗಾರು ಕೂಡಿಬಂತು. ಡ್ಯಾಂ ಮಟ್ಟ ಏರತೊಡಗಿದಾಗ ತೋಟದಲ್ಲಿ ಮೊದಲ ಸುಳಿ ಕಂಡಿತು. ಅದರ ಬೆನ್ನಿಗೆ ಬುಡದ ಸುತ್ತ ಮರಿಗಳು. ಹೂಸ್ಟನ್‌ಗೆ ಫೋಟೋ ಹೋಯಿತು, ಜಗಳೂರಿಗೆ ಕರೆ ಹೋಯಿತು. ಬೀಗರು ಅದೇ ಚೀಲ ಹಿಡಿದು ಬಂದರು. ದೊಡ್ಡಪ್ಪ ಅಗಲ ಎಲೆಯ ಮರಿಗಳನ್ನು ಬಿಟ್ಟು, ಕತ್ತಿಯಂಥ ಎಲೆಯ, ಬುಡ ದಪ್ಪಗಿದ್ದ ಕಂದುಗಳನ್ನೇ ಆರಿಸಿ ಅಗೆದುಕೊಟ್ಟ. ದುಡ್ಡು ಬೇಡವೆಂದ. ಒಂದು ಕರಾರು ಮಾತ್ರ ಹಾಕಿದ:

"ಟ್ಯಾಂಕರ್ ತರಿಸೋ ಕಾಲ ಬಂದ್ರೆ ಬಾಳೆಗೂ ಒಂದೊಂದು ಕೊಡ ಹಾಕ್ಬೇಕು ಬೀಗ್ರೇ."

"ನೀವು ಹಾಕಿದ್ರೇನ್ರೀ?"

"ನಮ್ಮ ಮಾತು ಬ್ಯಾರೆ," ಅಂದ ದೊಡ್ಡಪ್ಪ, ಚೀಲದ ಬಾಯಿ ಕಟ್ಟುತ್ತಾ. "ನಮ್ದು ಭದ್ರಾ ಅಚ್ಚುಕಟ್ಟು."